ಅಂಗಳದ ಕಾಂಕ್ರೀಟ್ ಮಟ್ಟ ಮಾಡೋ ಪಟ್ಟಿಗೆ ವೀಡ್ ಕಟರ್ ಎಂಜಿನ್ ಕಟ್ಟಿದ್ರೆ ಹೇಗೆ? ಯಾರಾದ್ರೂ ಮಾಡಿ ನೋಡಿದೀರಾ?

ತೋಟದಮನೆ:
ಎಲ್ರಿಗೂ ನಮಸ್ಕಾರ. ಸಾಗರದ ಕಡೆ ಅಡಿಕೆ ತೋಟ ನಮ್ದು. ಹೋದ ವರ್ಷ ಅಂಗಳದ ಒಂದು ಮೂಲೆಗೆ 20 ಅಡಿ ಬೈ 20 ಅಡಿ ಕಾಂಕ್ರೀಟ್ ಹಾಕಿಸ್ದೆ. ಇಬ್ರು ಮರದ ರೀಪರ್ ಹಿಡ್ಕೊಂಡು ಗರಗಸ ಎಳೆದಂಗೆ ಎಳೆದ್ರು, ಮೇಸ್ತ್ರಿ ಮೇಲೆ ಕರಣೆ ಆಡಿಸಿದ, ಸಂಜೆ ಹೊತ್ತಿಗೆ ಕನ್ನಡಿ ಥರ ಹೊಳೀತಿತ್ತು, ಫೋಟೋ ತೆಗೆದು ಭಾವನಿಗೂ ಕಳಿಸಿದ್ದೆ. ನವೆಂಬರಲ್ಲಿ ಅಕಾಲ ಮಳೆ ಬಂತು ನೋಡಿ, ಆಗ ಬಯಲಾಯ್ತು ಬಣ್ಣ. ಐದು ಕಡೆ ನೀರು ನಿಂತಿದೆ, ಒಂದು ಗುಂಡೀಲಿ ಹೆಬ್ಬೆರಳಿನ ಉಗುರು ಮುಳುಗೋಷ್ಟು. ಅದ್ರ ಮೇಲೆ ಒಣಗ್ಸಕ್ಕೆ ಹಾಕಿದ್ದ ಚಾಲಿ ಅಡಿಕೆ ಎಲ್ಲ ಬೂಸ್ಟು ಹಿಡೀತು.

ಈ ಸಲ ಉಳಿದ 40 ಬೈ 60 ಅಡಿಗೆ 4 ಇಂಚು ದಪ್ಪ ಹಾಕ್ಸೋ ಯೋಚನೆ. ಪಟ್ಟಿ ಬದಲಾಯಿಸಿದ್ರೆ ಸರಿಹೋಗುತ್ತೆ ಅಂತ ನನ್ನ ಲೆಕ್ಕ. 20 ಅಡಿ ಉದ್ದದ ಕಬ್ಬಿಣದ ಬಾಕ್ಸ್ ಪೈಪ್ ತಗೊಂಡು, ಮೂಲೇಲಿ ಬಿದ್ದಿರೋ ಹಳೇ ವೀಡ್ ಕಟರ್ ಎಂಜಿನ್ ಅದ್ರ ಮೇಲೆ ಕೂರಿಸಿ, ಶಾಫ್ಟಿಗೆ ವಾರೆ ತೂಕ ಕಟ್ಟಿ ಗಡಗಡ ನಡುಗಿಸಿದ್ರೆ ಕಾಂಕ್ರೀಟ್ ತಾನಾಗೇ ಕೂರಲ್ವಾ? ವಿಡಿಯೋಗಳಲ್ಲಿ ಹೊರದೇಶದೋರು ಒಬ್ರೇ ಹಿಡ್ಕೊಂಡು ನಡ್ಕೊಂಡ್ ಹೋಗ್ತಾರೆ, ಹಿಂದೆ ರಸ್ತೆ ಥರ ನುಣುಪು. ಅನುಭವ ಇದ್ದೋರು ಹೇಳಿ.

ಸುಮ್ನೆ ಓದ್ತೀನಿ:
ಫಾಲೋಯಿಂಗ್. ನಮ್ಮಪ್ಪಂಗೂ ಇದೇ ಹುಚ್ಚು.

ಗಾರೆ ಗುಂಡ:
ಅಣ್ಣ, ಹಾಸನದ ಕಡೆ 22 ವರ್ಷದಿಂದ ಗಾರೆ ಕೆಲಸ ಮಾಡ್ತಿದೀನಿ. ಎಂಜಿನ್ ಕಥೆ ಆಮೇಲೆ. ಹೋದ ಸಲ ಆ ರೀಪರ್ ಎಳೆದಾಗ ಅದರ ಎರಡು ತುದಿ ಯಾವುದರ ಮೇಲೆ ಕೂತಿತ್ತು?

ತೋಟದಮನೆ:
ಯಾವುದರ ಮೇಲೂ ಇಲ್ಲ. ಮೂಲೆಗೊಂದು ಗೂಟ ಹೊಡೆದು ದಾರ ಕಟ್ಟಿದ್ರು, ಆಮೇಲೆ ಕಾಲಿಗೆ ತೊಡರುತ್ತೆ ಅಂತ ಅದನ್ನೂ ಬಿಚ್ಚಿದ್ರು. ಅಂದಾಜಿನ ಮೇಲೇ ಎಳೆದಿದ್ದು.

ಗಾರೆ ಗುಂಡ:
ಸಿಕ್ತಲ್ಲ ಉತ್ತರ. ಪಟ್ಟಿಗೇನು ಕಣ್ಣಿದ್ಯಾ? ಅದು ಯಾವುದರ ಮೇಲೆ ಜಾರುತ್ತೋ ಅದರ ನಕಲು ತೆಗೆಯುತ್ತೆ ಅಷ್ಟೆ. ಕೆಳಗೆ ಮಟ್ಟದ ಪೈಪ್ ಇಲ್ಲ ಅಂದ್ರೆ ನೀವು ಎಂಜಿನ್ ಕಟ್ಟಿ, ವಿಮಾನ ಕಟ್ಟಿ, ಗುಂಡಿ ಇನ್ನೂ ನುಣ್ಣಗೆ ಬರುತ್ತೆ.

ಮೊದ್ಲು 1 ಇಂಚಿನ ಜಿಐ ಪೈಪನ್ನ ನಾಲ್ಕು ಅಡಿಗೊಂದು ಕಾಂಕ್ರೀಟ್ ಗುಪ್ಪೆ ಮೇಲೆ ಕೂರಿಸಿ, ಟ್ಯೂಬ್ ಲೆವೆಲ್ (ನೀರು ತುಂಬಿದ ಪಾರದರ್ಶಕ ಪೈಪ್) ಹಿಡಿದು ಮಟ್ಟ ನೋಡ್ಕೊಳಿ. ಗುಪ್ಪೆ ಹಿಂದಿನ ದಿನವೇ ಹಾಕಿ ಬಿಗಿಯಾಗಿರಬೇಕು. ಪೈಪನ್ನ ಮರಳಿನ ಮೇಲೆ ಮಲಗಿಸಿದ್ರೆ ಯಾರೋ ಬಾಂಡ್ಲಿ ಹೊತ್ಕೊಂಡು ಅದರ ಮೇಲೆ ಕಾಲಿಟ್ಟ ಅಂದ್ರೆ ಅರ್ಧ ಇಂಚು ಇಳಿಯುತ್ತೆ, ನಿಮಗೆ ಗೊತ್ತೂ ಆಗಲ್ಲ. ಪಟ್ಟಿ ಎಳೆದು ಮುಂದೆ ಹೋದ ಮೇಲೆ ಪೈಪ್ ಎತ್ತಿ, ಆ ಸಂದಿಗೆ ಕಾಂಕ್ರೀಟ್ ತುಂಬಿ ಉಜ್ಜಬೇಕು.

ಟ್ಯೂಬ್ ಲೆವೆಲಲ್ಲಿ ಗಾಳಿ ಗುಳ್ಳೆ ಇರದಂಗೆ ನೋಡ್ಕೊಳಿ. ಒಂದು ಗುಳ್ಳೆ ಇದ್ರೂ ನೀರು ಸುಳ್ಳು ಹೇಳುತ್ತೆ.

ಕಾಫಿ ಕಣ:
ಮೂಡಿಗೆರೆಯಿಂದ. "ಮಟ್ಟ" ಅಂತ ಎಲ್ರೂ ಬರೀತಿದೀರಲ್ಲ, ಮಟ್ಟ ಮಾಡಿದ್ರೆ ನೀರು ಎಲ್ಲಿಗೆ ಹೋಗ್ಬೇಕು? ಕಣಕ್ಕೆ ಬೇಕಾಗಿರೋದು ವಾಟ, ಅಂದ್ರೆ ನೀರು ಹರಿಯೋ ಇಳಿಜಾರು. 100 ಅಡಿಗೆ 1 ಅಡಿ ಲೆಕ್ಕ ಇಟ್ಕೊಂಡ್ರೆ ನಿಮ್ಮ 40 ಅಡಿಗೆ ಹತ್ತಿರತ್ತಿರ 5 ಇಂಚು ಇಳಿಬೇಕು. ನಾವು ಅದೇ ಲೆಕ್ಕದಲ್ಲಿ ಹಾಕಿದ್ವಿ, ಮಳೆ ನಿಂತು ಅರ್ಧ ಗಂಟೆಗೆ ಕಣ ಖಾಲಿ. ಚೂರು ತಗ್ಗು ಇದ್ರೂ ವಾಟ ಇದ್ರೆ ನೀರು ಜಾರಿ ಹೋಗುತ್ತೆ, ವಾಟ ಇಲ್ದೆ ಇದ್ರೆ ಕಾಗದದಷ್ಟು ತಗ್ಗಲ್ಲೂ ನಿಲ್ಲುತ್ತೆ.

ತೋಟದಮನೆ:
ಅಯ್ಯೋ ಹೌದಲ್ವಾ. ಹೋದ ಸಲ ನಾನೇ ಮೇಸ್ತ್ರಿಗೆ "ಒಂಚೂರೂ ಓರೆ ಬರ್ಬಾರ್ದು" ಅಂತ ಬೈದಿದ್ದೆ 😀

ಜೋಳದ ರೊಟ್ಟಿ:
ಅಣ್ಣಾರ, ಇಷ್ಟೆಲ್ಲಾ ಯಾಕ್ರಿ. ಧಾರವಾಡ ಕಡೆ ಎರಡು ಗೋಡೌನಿಗೆ ಟ್ರೀಮಿಕ್ಸ್ ಮಾಡ್ಯಾರ. ಮಷೀನ್ ಬಾಡಿಗಿಗೆ ಬರ್ತಾವ, ಜೋಡಿ ಪಟ್ಟಿ ವೈಬ್ರೇಟರ್ ಎಳೀತಾರ, ಮ್ಯಾಲೆ ಚಾಪಿ ಹಾಸಿ ನೀರು ಹೀರತಾರ, ಆಮ್ಯಾಲೆ ಹೆಲಿಕಾಪ್ಟರ್ ಅಂತ ರೆಕ್ಕಿ ತಿರುಗಿ ನೆಲ ಉಜ್ಜೋ ಮಷೀನ್ ತಿರುಗಸ್ತಾರ. ಮುಗೀತ್ ನೋಡ್ರಿ. ಟ್ರೀಮಿಕ್ಸ್ ಅಂದ್ರ ಅದು ಕಂಪನಿ ಹೆಸರಂತ, ಸ್ವೀಡನ್ನಿಂದು. ನಾವು ಕೆಲಸಕ್ಕೇ ಆ ಹೆಸರಿಟ್ಟೇವಿ.

ತೋಟದಮನೆ:
ರೀ, ನಮ್ಮನೆಗೆ ಬರೋ ದಾರೀಲಿ ಸಂಕ ಇದೆ, ಟ್ರಾಕ್ಟರ್ ಟ್ರೈಲರ್ ದಾಟೋದೇ ದೇವರ ದಯೆ. ಮಷೀನ್ ಹೊತ್ತ ಲಾರಿ ಯಾರು ತರ್ತಾರೆ? ಅದೂ ಅಲ್ದೆ ಇಲ್ಲಿ ಮಿಕ್ಸರಲ್ಲಿ ಕಲಸಿ ಹಾಕೋದು, ಒಂದೇ ದಿನ ಇಡೀ ಅಂಗಳ ಆಗಲ್ಲ.

ಕಡಲ ಕಾಗೆ:
ಅಂಗಳ ಯಾಕೆ ಮಾರಾಯ್ರೆ, ಪ್ಲಾಸ್ಟಿಕ್ ಶೀಟಿನ ಮನೆ ಹಾಕಿ, ಒಳಗೆ ಒಣಗ್ಸಿ. ಮಳೆ ಬಂದ್ರೆ ಬರ್ಲಿ.

ಕಾಫಿ ಕಣ:
ಅದಕ್ಕೂ ಕೆಳಗೆ ನೆಲ ಬೇಕಲ್ಲ ಕಾಗೆಯವ್ರೆ.

ಕಡಲ ಕಾಗೆ:
ಹ್ಹ ಹ್ಹ ಅದು ಸಮ.

ವೆಲ್ಡಿಂಗ್ ಮನೆ:
ಶಿವಮೊಗ್ಗದಲ್ಲಿ ಫ್ಯಾಬ್ರಿಕೇಶನ್ ಅಂಗಡಿ ನಂದು, ಈ ಥರ ಎರಡು ಪಟ್ಟಿ ಮಾಡಿ ಕೊಟ್ಟಿದೀನಿ, ಒಂದು ಗೆದ್ದಿತು ಒಂದು ಸೋತಿತು. ಸೋತಿದ್ದು ಯಾಕೆ ಅಂತ ಹೇಳ್ತೀನಿ, ಅದೇ ನಿಮ್ಮ 20 ಅಡಿ.

2 ಬೈ 4 ಇಂಚಿನ ಬಾಕ್ಸ್ ಪೈಪ್, 2 ಮಿ.ಮೀ. ಗೇಜು ಅಂತ ಇಟ್ಕೊಳಿ. 10 ಅಡಿ ಉದ್ದಕ್ಕೆ, 4 ಇಂಚು ನಿಲ್ಲೋ ಥರ ಇಟ್ರೆ, ತನ್ನ ತೂಕಕ್ಕೆ ನಡುವೆ ಬಗ್ಗೋದು 0.3 ಮಿ.ಮೀ. ಅಷ್ಟೆ, ಕಣ್ಣಿಗೇ ಕಾಣಲ್ಲ. ಅದನ್ನೇ 20 ಅಡಿ ಮಾಡಿ, ಎರಡು ಪಟ್ಟಲ್ಲ ಸ್ವಾಮಿ, 16 ಪಟ್ಟು ಬಗ್ಗುತ್ತೆ, 5 ಮಿ.ಮೀ. ದಾಟುತ್ತೆ. ಅದರ ನಡುವೆ ಎಂಜಿನ್ ಬೇರೆ ಕೂರಿಸ್ತೀರಿ. ಅಂಗಳದ ನಡುವೆ ಉದ್ದಕ್ಕೂ ಕಾಲುವೆ ತೋಡಿದಂಗೆ ಆಗುತ್ತೆ. ಅಡ್ಡ ಮಲಗಿಸಿದ್ರಂತೂ ಇದರ ಮೂರರಷ್ಟು.

ಇನ್ನೊಂದು ತಮಾಷೆ, ಎಲ್ರೂ ಕಬ್ಬಿಣ ಗಟ್ಟಿ ಅಲ್ಯೂಮಿನಿಯಂ ಮೆತ್ತಗೆ ಅಂತಾರೆ. ತನ್ನ ತೂಕಕ್ಕೆ ಎರಡೂ ಹೆಚ್ಚುಕಮ್ಮಿ ಒಂದೇ ಅಷ್ಟು ಬಗ್ಗುತ್ತೆ, ಯಾಕಂದ್ರೆ ಅಲ್ಯೂಮಿನಿಯಂ ಮೆತ್ತಗಿದ್ದಷ್ಟೇ ಹಗುರನೂ ಹೌದು. ಮೇಲೆ ಎಂಜಿನ್ ಇಟ್ಟಾಗ ಮಾತ್ರ ಅಲ್ಯೂಮಿನಿಯಂ ಮೂರು ಪಟ್ಟು ಜಾಸ್ತಿ ಬಗ್ಗುತ್ತೆ. ಆದ್ರೂ 10 ಅಡಿಗೆ ನಾನು ಅಲ್ಯೂಮಿನಿಯಮ್ಮೇ ಹೇಳೋದು. ಕಬ್ಬಿಣದ್ದು 14 ಕೆಜಿ ಬರುತ್ತೆ, ಅಲ್ಯೂಮಿನಿಯಂ 5 ಕೆಜಿ. ಸಂಜೆ ನಾಲ್ಕು ಗಂಟೆಗೆ ಹಸಿ ಕಾಂಕ್ರೀಟಲ್ಲಿ ನಿಂತು ಎತ್ತಿ ಇಳಿಸೋನಿಗೆ ಗೊತ್ತು ಆ 9 ಕೆಜಿ ಏನು ಅಂತ. ಮರದ ರೀಪರ್ ಬೇಡವೇ ಬೇಡ, ನೆನೆದು ಒಣಗಿ ಎರಡನೇ ದಿನಕ್ಕೆ ಬಿಲ್ಲಾಗುತ್ತೆ.

ಸೈಟ್ ಬೂಟ್:
ಮೇಲಿನವ್ರು ಹೇಳಿದ್ದು ಸರಿ. ಅಂಗಳನ 10 ಅಡಿ ಅಗಲದ ಪಟ್ಟೆಗಳಾಗಿ ಮಾಡ್ಕೊಳಿ, ಒಂದು ಬಿಟ್ಟು ಒಂದಕ್ಕೆ ಕಾಂಕ್ರೀಟ್ ಹಾಕಿ. ಬಿರುಕಿಗೂ ಅದೇ ಒಳ್ಳೇದು. 4 ಇಂಚಿನ ನೆಲಕ್ಕೆ 8ರಿಂದ 12 ಅಡಿಗೊಂದು ಜಾಯಿಂಟ್ ಬೇಕು, ಇಲ್ಲಾಂದ್ರೆ ಅದೇ ತನಗಿಷ್ಟ ಬಂದ ಕಡೆ ಬಿರುಕು ಬಿಟ್ಕೊಳುತ್ತೆ. ಪಟ್ಟೆ ಉದ್ದಕ್ಕೆ ಅಡ್ಡ ಜಾಯಿಂಟನ್ನ ಮಾರನೇ ದಿನ ಕಟ್ಟರಲ್ಲಿ 1 ಇಂಚು ಆಳ ಕೊಯ್ದುಬಿಡಿ.

ನಾನು ದಾಬಸ್‌ಪೇಟೆ ಕಡೆ ವೇರ್‌ಹೌಸ್ ಸೈಟಲ್ಲಿರೋದು. ಅಲ್ಲಿ ಲೇಸರ್ ಸ್ಕ್ರೀಡ್ ಮಷೀನ್ ತರಿಸ್ತೀವಿ. ಪೈಪೂ ಇಲ್ಲ ದಾರನೂ ಇಲ್ಲ. ದೂರದಲ್ಲಿ ಲೇಸರ್ ಸುತ್ತುತಾ ಇರುತ್ತೆ, ಪಟ್ಟಿಯ ಎರಡೂ ತುದೀಲಿ ಅದನ್ನ ಹಿಡಿಯೋ ಕಣ್ಣು, ಒಂದು ತುದಿ ತಗ್ಗಿದ್ರೆ ಹೈಡ್ರಾಲಿಕ್ ಎತ್ತುತ್ತೆ. ಅಮೆರಿಕದ ಡೇವಿಡ್ ಸೊಮೆರೊ ಅನ್ನೋರು 1986ರಲ್ಲಿ ತಂದಿದ್ದು ಇದು. ಅಷ್ಟು ಯಾಕೆ ಬೇಕು ಅಂದ್ರೆ, ಫೋರ್ಕ್‌ಲಿಫ್ಟ್ ಎರಡು ಚಕ್ರದ ನಡುವೆ 1.2 ಮೀಟರ್, ಅಷ್ಟರಲ್ಲಿ 3 ಮಿ.ಮೀ. ಏರುಪೇರು ಇದ್ರೆ 10 ಮೀಟರ್ ಮೇಲಿರೋ ಪ್ಯಾಲೆಟ್ 25 ಮಿ.ಮೀ. ವಾಲುತ್ತೆ. ರ್‍ಯಾಕಿಗೆ ಬಡಿಯುತ್ತೆ.

ಗಾರೆ ಗುಂಡ:
ನೋಡಿ, ಅಲ್ಲೂ ಅದೇ. ಅಲ್ಲಿ ಪೈಪಿನ ಬದಲು ಲೇಸರ್. ಪಟ್ಟಿ ಪಟ್ಟಿನೇ.

ಸೈಟ್ ಬೂಟ್:
ಒಪ್ದೆ ಮೇಸ್ತ್ರಿ.

ತೋಟದಮನೆ:
ಸರಿ, 20 ಅಡಿ ಆಸೆ ಬಿಟ್ಟೆ. 10 ಅಡಿ ಅಲ್ಯೂಮಿನಿಯಂ. ಎಂಜಿನ್ ಆಸೆ ಬಿಟ್ಟಿಲ್ಲ. ವೆಲ್ಡಿಂಗ್ ಮನೆಯವ್ರೆ, ಗೆದ್ದ ಪಟ್ಟಿಗೆ ಎಷ್ಟು ತೂಕ ಕಟ್ಟಿದ್ರಿ?

ವೆಲ್ಡಿಂಗ್ ಮನೆ:
100 ಗ್ರಾಮಿನ ತುಂಡು, ಶಾಫ್ಟಿನ ನಡುವಿಂದ 2 ಸೆಂ.ಮೀ. ಆಚೆ. ಕಮ್ಮಿ ಅನ್ಸುತ್ತೆ ಅಲ್ವಾ? ನಿಮಿಷಕ್ಕೆ 6000 ಸುತ್ತಲ್ಲಿ ಅದು 80 ಕೆಜಿ ಎಳೆತ ಕೊಡುತ್ತೆ. ಅದೇ 3000ಕ್ಕೆ ಇಳಿಸಿದ್ರೆ 20 ಕೆಜಿ. ಅಂದ್ರೆ ರೇಸಲ್ಲೇ ಎಲ್ಲ ಇರೋದು, ತೂಕ ಜಾಸ್ತಿ ಮಾಡಕ್ಕೆ ಹೋಗ್ಬೇಡಿ. ಶಾಫ್ಟಿಗೆ ಎರಡೂ ಕಡೆ ಪ್ಲಮ್ಮರ್ ಬ್ಲಾಕ್ ಬೇರಿಂಗ್ (ಬೋಲ್ಟ್ ಹಾಕಿ ಕೂರಿಸೋ ಗೂಡಿನ ಬೇರಿಂಗ್) ಹಾಕಿ, ವೀಡ್ ಕಟರಿನ ಸ್ವಂತ ಬೇರಿಂಗ್ ಮೇಲೆ ಈ ಭಾರ ಬಿಟ್ರೆ ಒಂದೇ ದಿನಕ್ಕೆ ಹೋಗುತ್ತೆ. ನಟ್ ಎಲ್ಲ ನೈಲಾಕ್, ಅಂದ್ರೆ ಒಳಗೆ ನೈಲಾನ್ ಉಂಗುರ ಇರೋದು, ನಡುಕಕ್ಕೆ ಸಡಿಲ ಆಗಲ್ಲ. ತೂಕದ ಮೇಲೆ ತಗಡಿನ ಮುಚ್ಚಳ ಕಡ್ಡಾಯ, ಆ 100 ಗ್ರಾಂ ಬಿಚ್ಕೊಂಡು ಹಾರಿದ್ರೆ ಕವಣೆ ಕಲ್ಲು ಅದು. ಅಲ್ಯೂಮಿನಿಯಂ ಪೈಪಿಗೆ ಸಾದಾ ಅಂಗಡೀಲಿ ವೆಲ್ಡಿಂಗ್ ಆಗಲ್ಲ, ಒಳಗೊಂದು ಹೊರಗೊಂದು ಪ್ಲೇಟ್ ಕೊಟ್ಟು ಬೋಲ್ಟ್ ಹಾಕಿ.

ಹಿಡಿಗೆ ರಬ್ಬರ್ ಬುಷ್ ಮರೀಬೇಡಿ. ದಿನಗಟ್ಟಲೆ ನಡುಕ ಹಿಡಿದ್ರೆ ಬೆರಳು ಬೆಳ್ಳಗಾಗಿ ಮರಗಟ್ಟುತ್ತೆ, ನಮ್ಮ ಹುಡುಗನಿಗೇ ಆಗಿತ್ತು.

ಮಸ್ಕತ್ ಗೌಡ:
ಗಲ್ಫಲ್ಲಿ ದಿನಾ ಇದೇ ನೋಡ್ತೀನಿ. ನಡುಗೋ ಪಟ್ಟಿಗೆ ಕಾಂಕ್ರೀಟ್ ಗಟ್ಟಿಯಾಗಿರಬೇಕು ಗುರುಗಳೇ. ನಮ್ಮೂರ ಕಡೆ ಬಕೆಟ್ ಬಕೆಟ್ ನೀರು ಸುರಿದು ಸಾರು ಮಾಡ್ತಾರಲ್ಲ, ಅದಕ್ಕೆ ಎಂಜಿನ್ ಹಚ್ಚಿದ್ರೆ ಜಲ್ಲಿ ಕೆಳಗೆ, ಸಿಮೆಂಟ್ ಹಾಲು ಮೇಲೆ. ಒಣಗಿದ ಮೇಲೆ ಉಗುರಲ್ಲಿ ಕೆರೆದ್ರೂ ಪುಡಿ ಬರುತ್ತೆ. ಮತ್ತೆ ಪಟ್ಟಿ ಮುಂದೆ ಯಾವಾಗ್ಲೂ ಒಂದು ಹಿಡಿ ಎತ್ತರ ಕಾಂಕ್ರೀಟ್ ಉರುಳ್ತಾ ಇರಬೇಕು. ಜಾಸ್ತಿ ಆದ್ರೆ ಪಟ್ಟಿ ಮೇಲೆ ಹತ್ತುತ್ತೆ, ಕಮ್ಮಿ ಆದ್ರೆ ಹಿಂದೆ ತಗ್ಗು ಉಳಿಯುತ್ತೆ. ಸನಿಕೆ ಹಿಡಿದ ಇನ್ನೊಬ್ಬ ಮುಂದೆ ಬೇಕೇ ಬೇಕು, ವಿಡಿಯೋದಲ್ಲಿ ಅವನನ್ನ ತೋರ್ಸಲ್ಲ. ನಿಂತ ಕಡೆ ಎಂಜಿನ್ ಬಂದ್ ಮಾಡಿ, ಇಲ್ಲಾಂದ್ರೆ ಅಲ್ಲೇ ಗೆರೆ ಕೂರುತ್ತೆ.

ಮನೆಯೊಡತಿ:
ನಾನು ಗಾರೆ ಕೆಲಸದವಳಲ್ಲ, ಮೈಸೂರಲ್ಲಿ ಮನೆ ಕಟ್ಟಿಸಿ ಸುಸ್ತಾದವಳು. ನಮ್ಮ ಕಾರ್ ಪಾರ್ಕಿಂಗ್ ನೆಲಕ್ಕೆ ಕಾಂಕ್ರೀಟ್ ಹಾಕಿದ ಒಂದು ಗಂಟೆಗೆಲ್ಲ ಮೇಲೆ ನೀರು ಬಂತು. ಅವ್ರು ಏನು ಮಾಡಿದ್ರು ಗೊತ್ತಾ, ಚೀಲದಿಂದ ಒಣ ಸಿಮೆಂಟ್ ತೆಗೆದು ರಂಗೋಲಿ ಪುಡಿ ಥರ ಉದುರಿಸಿ, ಕಬ್ಬಿಣದ ಕರಣೆಯಲ್ಲಿ ಉಜ್ಜಿ ಉಜ್ಜಿ ಹೊಳಪು ತಂದ್ರು. "ಮೇಡಂ ಎಕ್ಸ್ಟ್ರಾ ಸಿಮೆಂಟ್ ನಿಮಗೋಸ್ಕರ" ಅಂತ ಉಪಕಾರ ಬೇರೆ. ಆರು ತಿಂಗಳಿಗೆ ಮೇಲ್ಪದರ ಹಪ್ಪಳದ ಥರ ಎದ್ದಿದೆ. ಕಾಲು ಬೆರಳಲ್ಲಿ ತಟ್ಟಿದ್ರೆ ಟೊಳ್ಳು ಸದ್ದು. ಇದಕ್ಕೆ ಯಾವ ಸಲಕರಣೆ ಕಂಡುಹಿಡೀತೀರಾ ಹೇಳಿ.

ಸೈಟ್ ಬೂಟ್:
ಮೇಡಂ, ಅದಕ್ಕೆ ಸಲಕರಣೆ ಅಂದ್ರೆ ಗಡಿಯಾರ. ಮೇಲೆ ಬಂದ ನೀರು ತಾನಾಗೇ ಆರೋವರೆಗೂ ಕರಣೆ ಮುಟ್ಬಾರ್ದು. ಬೇಗ ಕಬ್ಬಿಣದ ಕರಣೆ ಎಳೆದ್ರೆ ಮೇಲ್ಭಾಗ ಮುಚ್ಕೊಂಡು ಕೆಳಗಿನ ನೀರು ಅಲ್ಲೇ ಸಿಕ್ಕಾಕೊಳುತ್ತೆ, ಆಮೇಲೆ ಆ ಪದರ ಬಿಟ್ಕೊಳುತ್ತೆ. ಅದಕ್ಕೇ ಮೊದಲ ಉಜ್ಜು ಮರದ ಹಲಗೇಲಿ, ಅದು ಮೈ ಮುಚ್ಚಲ್ಲ. ಹೊರದೇಶದಲ್ಲಿ ಮೆಗ್ನೀಸಿಯಂ ಹಲಗೆ ಬಳಸ್ತಾರೆ, ಅದರದ್ದೂ ಅದೇ ಗುಣ, ಹಗುರ ಬೇರೆ.

ಗಾರೆ ಗುಂಡ:
ಒಣ ಸಿಮೆಂಟ್ ಉದುರಿಸೋದು ತಪ್ಪು, ಒಪ್ಕೋತೀನಿ. ನಾನೂ ಮಾಡಿದೀನಿ. ಆದ್ರೆ ಒಂದು ಮಾತು. ಸಂಜೆ ಆರಾಗಿರುತ್ತೆ, ಓನರ್ ನಿಂತ್ಕೊಂಡು "ಇನ್ನೂ ಎಷ್ಟೊತ್ತು, ಕರೆಂಟ್ ಹೋಗುತ್ತೆ" ಅಂತಾರೆ, ಆಳುಗಳಿಗೆ ಬಸ್ಸು. ನೀರು ಆರೋವರೆಗೆ ಎರಡು ಗಂಟೆ ಕೂತ್ರೆ ಕೂಲಿ ಯಾರು ಕೊಡ್ತಾರೆ? ಅದಕ್ಕೇ ಒಣ ಸಿಮೆಂಟ್. ಬೆಳಗ್ಗೆ ಏಳಕ್ಕೆ ಕಾಂಕ್ರೀಟ್ ಶುರು ಮಾಡಕ್ಕೆ ಬಿಡಿ, ಹತ್ತು ಗಂಟೆಗೆ ಜಲ್ಲಿ ಇಳಿಸಬೇಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಮನೆಯೊಡತಿ:
ನಮ್ಮನೆ ಜಲ್ಲಿ ಲಾರಿ ಬಂದಿದ್ದು ಹನ್ನೊಂದೂವರೆಗೆ. ಸುಮ್ನಾದೆ.

ಕಾಫಿ ಕಣ:
ತೋಟದಮನೆ, ನಿಮಗೊಂದು ಐಡಿಯಾ. ಪಟ್ಟಿ ಎಳೆದ ಮೇಲೆ ಸಣ್ಣ ಗೆರೆ ಏರುಪೇರು ತೆಗೆಯಕ್ಕೆ ಉದ್ದ ಕೋಲಿನ ಹಲಗೆ ಬೇಕು, ಕಾಂಕ್ರೀಟ್ ಮೇಲೆ ಕಾಲಿಡದೆ ಆಚೆಯಿಂದಲೇ ತಳ್ಳೋದು ಎಳೆಯೋದು. ನಿಮ್ಮನೇಲಿ ಔಷಧಿ ಹೊಡೆಯೋ ಹಳೇ ಅಲ್ಯೂಮಿನಿಯಂ ದೋಟಿ ಇರುತ್ತಲ್ಲ? ಈಗೆಲ್ಲ ಫೈಬರ್ ದೋಟಿ ತಗೊಂಡು ಅದನ್ನ ಅಟ್ಟಕ್ಕೆ ಹಾಕಿರ್ತೀರಿ. 4 ಅಡಿ ಉದ್ದ, 8 ಇಂಚು ಅಗಲದ ನುಣುಪು ಹಲಗೆಗೆ ಅದನ್ನ ಬಿಗಿದುಬಿಡಿ. ತಳ್ಳುವಾಗ ದೋಟಿ ತಗ್ಗಿಸಿ, ಮುಂದಿನ ಅಂಚು ಏಳುತ್ತೆ. ಎಳೆಯುವಾಗ ಎತ್ತಿ, ಹಿಂದಿನ ಅಂಚು ಏಳುತ್ತೆ. ಅಂಚು ಏಳದಿದ್ರೆ ನೇಗಿಲಾಗುತ್ತೆ.

ತೋಟದಮನೆ:
ದೋಟಿ!! ಎರಡಿದೆ. ನೀವು ದೇವ್ರು.

ಕಡಲ ಕಾಗೆ:
ನಮ್ಮಜ್ಜಿ ಸಗಣಿ ಸಾರಿಸಿದ ಅಂಗಳದಲ್ಲಿ ಅಡಿಕೆ ಒಣಗ್ಸಿದ್ದು. ಮಳೆಗಾಲ ಕಳೆದ ಮೇಲೆ ಮಣ್ಣು ಹದ ಮಾಡಿ ಹಲಗೆಯಲ್ಲಿ ಬಡಿದು ಬಡಿದು ಎಂಥಾ ನುಣುಪು ಅಂತೀರಿ. ಅಳತೆ ನೋಡಕ್ಕೆ ಒಂದು ತಂಬಿಗೆ ನೀರು ಚೆಲ್ಲಿ ಎಲ್ಲಿಗೆ ಓಡ್ತದೆ ನೋಡ್ತಿದ್ರು. ಲೇಸರ್ ಎಂಥದ್ದೂ ಇಲ್ಲ.

ಜೋಳದ ರೊಟ್ಟಿ:
ನಿಮ್ಮಜ್ಜಿನೂ ವಾಟಾನ ನೋಡ್ಯಾರ ನೋಡ್ರಿ.

ತೋಟದಮನೆ:
ಅಪ್‌ಡೇಟ್ (ಮೂರು ವಾರದ ಮೇಲೆ): ಮೊದ್ಲು ಅಂಗಳಕ್ಕೆ ಕೈ ಹಾಕೋ ಧೈರ್ಯ ಆಗ್ಲಿಲ್ಲ, ಕೊಟ್ಟಿಗೆಯ 10 ಬೈ 24 ಅಡಿ ನೆಲದಲ್ಲಿ ಪ್ರಯೋಗ ಮಾಡಿದೆ. ನಡೆದಿದ್ದು ನಡೆದಂಗೆ ಬರೀತೀನಿ.

ಮೊದಲನೇ ತಪ್ಪು, ಎಂಜಿನ್ನನ್ನ ಹಿಡಿ ಹತ್ರ ಅನುಕೂಲ ಅಂತ ಪಟ್ಟಿಯ ಒಂದು ಬದಿಗೆ ಕೂರಿಸಿದ್ದೆ. ಸ್ಟಾರ್ಟ್ ಮಾಡಿ ರೇಸ್ ಕೊಟ್ಟ ತಕ್ಷಣ ಆ ತುದಿ ಜಾತ್ರೆ ತೇರಿನ ಥರ ತಾನೇ ಮುಂದೆ ಹೊರಟಿತು, ಈ ತುದಿ ನಿಂತಲ್ಲೇ. ಪಟ್ಟಿ ಓರೆಯಾಗಿ ಪೈಪಿಂದ ಜಾರಿ ಕಾಂಕ್ರೀಟ್ ಒಳಗೆ ಮೂಗು ತೂರಿಸ್ತು. ನಾನು ಒಂದು ಕೈಯಲ್ಲಿ ಪಟ್ಟಿ ಇನ್ನೊಂದು ಕೈಯಲ್ಲಿ ಲುಂಗಿ. ಬಂದ್ ಮಾಡಿ, ಬೋಲ್ಟ್ ಬಿಚ್ಚಿ ಸರಿಯಾಗಿ ನಡುವಿಗೆ ತಂದ ಮೇಲೆ ನೆಟ್ಟಗೆ ನಡೀತು.

ಎರಡನೇದು ರೇಸ್. ಪೂರ್ತಿ ಕೊಟ್ರೆ ಪಟ್ಟಿ ಪೈಪಿನ ಮೇಲೆ ಟಕಟಕ ಕುಣಿಯುತ್ತೆ, ಹಿಂದೆ ಸಣ್ಣ ಸಣ್ಣ ಅಲೆ ಬೀಳುತ್ತೆ. ತೀರಾ ಇಳಿಸಿದ್ರೆ ಕ್ಲಚ್ಚೇ ಹಿಡಿಯಲ್ಲ. ಕೊನೆಗೆ ಆಕ್ಸಿಲರೇಟರ್ ಕೇಬಲ್ಲನ್ನ ಅರ್ಧಕ್ಕಿಂತ ಚೂರು ಮೇಲೆ ತಂತಿ ಕಟ್ಟಿ ನಿಲ್ಲಿಸಿದೆ. ಆ ಹದದಲ್ಲಿ ಜಲ್ಲಿ ಒಳಗೆ ಇಳಿದು ಮೇಲೆ ಸಣ್ಣಗೆ ಎಣ್ಣೆ ಹಚ್ಚಿದಂಗೆ ಹೊಳಪು ಬರ್ತಿತ್ತು, ನೋಡ್ತಾ ನಿಂತ್ಕೋಬೇಕು ಅನ್ಸುತ್ತೆ.

ಮಾರನೇ ದಿನ ದಾರ ಎಳೆದು ಅಳೆದೆ. ಹಳೇ ಮೂಲೇಲಿ ದಾರದ ಕೆಳಗೆ ಜಾಸ್ತಿ ಅಂದ್ರೆ 11 ಮಿ.ಮೀ. ಸಂದಿ ಇತ್ತು. ಇಲ್ಲಿ 4. ಆದ್ರೆ ಮೇಸ್ತ್ರಿ (ಗಾರೆ ಗುಂಡ) ಗೆದ್ರು ಅಂತಲೇ ಹೇಳ್ಬೇಕು. ಕೊನೇ 6 ಅಡೀಲಿ ಪೆಟ್ರೋಲ್ ಮುಗೀತು, ಅಷ್ಟನ್ನ ಬರೀ ಕೈಯಲ್ಲಿ ಅದೇ ಪೈಪ್ ಮೇಲೆ ಅದೇ ಪಟ್ಟಿ ಎಳೆದ್ವಿ. ಅಲ್ಲೂ 4ರಿಂದ 5. ಎಂಜಿನ್ ಇದ್ದ ಕಡೆ ಬೇಗ ಆಯ್ತು, ಸೊಂಟ ಉಳೀತು, ಕಾಂಕ್ರೀಟ್ ಗಟ್ಟಿ ಕೂತಿದೆ. ಮಟ್ಟ ತಂದಿದ್ದು ಪೈಪು.

ಗಾರೆ ಗುಂಡ:
😎

ಕಾಫಿ ಕಣ:
ಕೊಟ್ಟಿಗೆ ನೆಲ ನುಣುಪು ಬಿಟ್ಟಿಲ್ಲ ತಾನೆ? ದನ ಜಾರಿ ಬಿದ್ದಾವು.

ತೋಟದಮನೆ:
ಇಲ್ಲ ಇಲ್ಲ, ಹಸಿ ಇದ್ದಾಗ ತೆಂಗಿನ ಕಡ್ಡಿ ಪೊರಕೆ ಎಳೆದು ಗೆರೆ ಮಾಡಿದೀನಿ.

ಸೈಟ್ ಬೂಟ್:
ಯಾವ ಸಿಮೆಂಟ್? ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟ್) ಆದ್ರೆ ಕಮ್ಮಿ ಅಂದ್ರೂ 10 ದಿನ ನೀರು ಆರದಂಗೆ ನೋಡ್ಕೊಳಿ, 7ಕ್ಕೆ ನಿಲ್ಲಿಸ್ಬೇಡಿ. ಮತ್ತೆ ಬರಿಗಾಲಲ್ಲಿ ನಿಂತಿರೋ ಹಾಗಿದೆ ನಿಮ್ಮ ವರ್ಣನೆ ನೋಡಿದ್ರೆ. ಗಮ್‌ಬೂಟ್ ಹಾಕಿ ಸರ್. ಹಸಿ ಕಾಂಕ್ರೀಟ್ ಚರ್ಮ ಸುಡುತ್ತೆ, ಸುಡ್ತಿರೋದು ಸಂಜೆವರೆಗೂ ಗೊತ್ತಾಗಲ್ಲ.

ತೋಟದಮನೆ:
ಪಿಪಿಸಿನೇ. ಗೋಣಿ ಹಾಸಿ ನೀರು ಬಿಡ್ತಾ ಇದೀನಿ. ಗಮ್‌ಬೂಟ್ ವಿಷ್ಯ... ಮರುದಿನ ಹಿಮ್ಮಡಿ ಎರಡೂ ಕೆಂಪಗೆ ಬಿರಿದಿತ್ತು, ಹೇಳ್ಕೊಳಕ್ಕೆ ನಾಚಿಕೆ ಆಗಿ ಬರೀಲಿಲ್ಲ.

ವೆಲ್ಡಿಂಗ್ ಮನೆ:
ಬೇರಿಂಗ್ ಬಿಸಿ ಆಯ್ತಾ?

ತೋಟದಮನೆ:
ಉಗುರು ಬೆಚ್ಚಗೆ ಅಷ್ಟೆ. ಆದ್ರೆ ಒಂದು ನಟ್ ನೈಲಾಕ್ ಸಿಕ್ಕಿಲ್ಲ ಅಂತ ಸಾದಾ ಹಾಕಿದ್ದೆ, ಅದು ಎಲ್ಲಿ ಬಿತ್ತೋ ಇನ್ನೂ ಸಿಕ್ಕಿಲ್ಲ. ಬಹುಶಃ ಕೊಟ್ಟಿಗೆ ನೆಲದೊಳಗೇ ಇದೆ.

ಸುಮ್ನೆ ಓದ್ತೀನಿ:
ಸರ್, ನಮ್ಮೂರು ಹೊಸನಗರದ ಹತ್ರ. ಅಪ್ಪ ಕೇಳ್ತಿದಾರೆ, ಆ ಪಟ್ಟಿ ನಾಲ್ಕು ದಿನಕ್ಕೆ ಬಾಡಿಗೆಗೆ ಕೊಡ್ತೀರಾ ಅಂತ.

ತೋಟದಮನೆ:
ನಮ್ಮ ಅಂಗಳ ಮುಗೀಲಿ, ಖಂಡಿತ ಕೊಡ್ತೀನಿ, ಬಾಡಿಗೆ ಎಲ್ಲ ಬೇಡ, ಪೆಟ್ರೋಲ್ ನಿಮ್ಮದು. ಪೈಪೂ ಗುಪ್ಪೆಯೂ ನೀವೇ ಮಾಡ್ಕೋಬೇಕು. ಬರುವಾಗ ಒಂದು ವೀಡ್ ಕಟರ್ ತಂದುಬಿಡಿ. ಹೊಸಾದೂ ಕೆಟ್ಟು ಕೂತಿದೆ, ತೋಟದಲ್ಲಿ ಕಳೆ ಸೊಂಟಕ್ಕೆ ಬಂದಿದೆ, ಈ ಎಂಜಿನ್ ಬಿಚ್ಚಿ ವಾಪಸ್ ಹಾಕು ಅಂತ ಮನೇಲಿ ದಿನಾ ಮಂಗಳಾರತಿ.